ಇರೋ ಅಂಗೇ ಬರ್ಲಿ

“ಗಲ್ಲ ಚೂರು ಎತ್ತವ್ವ. ಈ ಕಡಿಕೆ ತಿರುಕ್ಕೊ, ಆ ಕಣ್ಣು ನೆಳ್ಳಿಗೆ ಓಗ್ಲಿ,” ಎಂದು ಸಿದ್ದರಾಜು ದೀಪದ ಕಂಬವನ್ನು ಜರುಗಿಸಿದ. ಪ್ರೇಮಮ್ಮ ತಿರುಗಲಿಲ್ಲ. ಕೊಳ, ಹಂಸ ಬರೆದ ಪರದೆಯ ಮುಂದೆ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಕ್ಯಾಮೆರಾವನ್ನೇ ದಿಟ್ಟಿಸಿದಳು. ಎಡಗಣ್ಣಿನ ಕೆಳಗೆ ನೇರಳೆಹಣ್ಣು ಜಜ್ಜಿದ ಹಾಗೆ ಕಪ್ಪಗೆ ಊದಿತ್ತು. ತುಟಿ ಸೀಳಿ ರಕ್ತ ಹೆಪ್ಪುಗಟ್ಟಿತ್ತು. ಸೆರಗು ಸರಿಸಿದಾಗ ಕತ್ತಿನ ಮೇಲೆ ಬೆರಳಿನ ಗುರುತುಗಳು ಬೇರೆಬೇರೆಯಾಗಿ ಕಂಡವು.

ಅವನು ಪೌಡರ್ ಡಬ್ಬಿ ಚಾಚಿದ. ಅವಳು ಅದನ್ನು ಪಕ್ಕಕ್ಕೆ ತಳ್ಳಿದಳು.

“ಬ್ಯಾಡ ಕಣಣ್ಣ. ಇರೋ ಅಂಗೇ ಬರ್ಲಿ.”

ಸಿದ್ದರಾಜುವಿಗೆ ಒಳಗೊಳಗೇ ನಗು. ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ಸ್ಟುಡಿಯೋ ಇಟ್ಟಂದಿನಿಂದ ಈ ಮಾತನ್ನು ಅವನು ಕೇಳಿದ್ದೇ ಕೇಳಿದ್ದು. ಇದ್ದ ಹಾಗೆ ಬರಲಿ ಅನ್ನದ ಗಿರಾಕಿಯಿಲ್ಲ, ಇದ್ದ ಹಾಗೆ ಬಂದರೆ ಜಗಳಕ್ಕೆ ನಿಲ್ಲದ ಗಿರಾಕಿಯೂ ಇಲ್ಲ. ಮುಖದ ತುಂಬ ಸಿಡುಬಿನ ಕಲೆಯಿದ್ದ ಬೋರಯ್ಯ ಒಮ್ಮೆ “ನನ್ ಮಖ ಇಂಗೈತೇನ್ಲಾ?” ಎಂದು ಪಟವನ್ನು ಮೇಜಿನ ಮೇಲೆ ಬಿಸಾಡಿ ಹೋಗಿದ್ದ. ಅಂದಿನಿಂದ ಸಿದ್ದರಾಜು ಗಿರಾಕಿಗಳ ಬಾಯಿಮಾತು ನಂಬುವುದನ್ನೇ ಬಿಟ್ಟ. ಮುಖ ನೋಡಿದರೆ ಸಾಕು, ಯಾರಿಗೆ ಏನು ಬೇಕೆಂದು ತನಗೆ ಗೊತ್ತು ಅನ್ನುವ ಜಂಬ ಅವನದು. ಆ ಜಂಬದಲ್ಲಿ ಅಂಗಡಿ ಚೆನ್ನಾಗಿಯೇ ನಡೆದಿತ್ತು.

ಇದು ಹೊಡೆತ ಎಂದು ಅವನಿಗೆ ಹೊಳೆಯಲಿಲ್ಲವೇ ಅಂದರೆ, ಹೊಳೆದಿತ್ತು. ಆದರೆ ಇವಳ ಗಂಡ ರವೀಂದ್ರ ಅಂಥವನಲ್ಲ ಎಂದು ತಾನೇ ತಳ್ಳಿಹಾಕಿದ. ಅವರ ಮದುವೆಯ ಆಲ್ಬಂ ಮಾಡಿಕೊಟ್ಟವನು ಅವನೇ. ರವೀಂದ್ರ ಹಳ್ಳಿಯ ಹಾಲಿನ ಡೈರಿಯಲ್ಲಿ ಸೆಕ್ರೆಟರಿ, ಇಸ್ತ್ರಿ ಅಂಗಿಯ ಮನುಷ್ಯ. ಮದುವೆಯ ಗದ್ದಲದಲ್ಲೂ “ಊಟ ಆಯ್ತಾ ಅಣ್ಣ?” ಎಂದು ಫೋಟೋದವನನ್ನು ವಿಚಾರಿಸಿಕೊಂಡ ಮದುಮಗ ಅವನೊಬ್ಬನೇ. ಎಲ್ಲೋ ಜಾರಿ ಬಿದ್ದಿದ್ದಾಳೆ, ಹೇಳಿಕೊಳ್ಳಲು ನಾಚಿಕೆ ಅಂದುಕೊಂಡ.

ಮಧ್ಯಾಹ್ನ ನೆಗೆಟಿವನ್ನು ಗಾಜಿನ ಮೇಲಿಟ್ಟು, ಚೂಪು ಪೆನ್ಸಿಲ್ ಹಿಡಿದು ಟಚಿಂಗಿಗೆ ಕೂತ. ನೆಗೆಟಿವಿನಲ್ಲಿ ಎಲ್ಲವೂ ತಿರುವುಮುರುವು. ಕಪ್ಪು ಗಾಯ ಅಲ್ಲಿ ತಿಳಿಯಾಗಿ ಕಾಣುತ್ತದೆ, ಅದರ ಮೇಲೆ ಪೆನ್ಸಿಲ್ ಆಡಿಸಿದರೆ ಪಟದಲ್ಲಿ ಬೆಳ್ಳಗೆ ಬರುತ್ತದೆ. ಕಣ್ಣು, ತುಟಿ, ಕತ್ತು ಎಲ್ಲ ತಿದ್ದಿದ. ಪಟ ತೊಳೆದಾಗ ಮದುವಣಗಿತ್ತಿಯ ಕಳೆ ಬಂದಿತ್ತು. ಅಕ್ಕರೆಯಿಂದಲೇ ಮಾಡಿದ, ಅದರಲ್ಲಿ ಸುಳ್ಳಿಲ್ಲ.

ಮುಂದಿನ ವಾರ ಪ್ರೇಮಮ್ಮ ಬರುವಷ್ಟರಲ್ಲಿ ಅವಳ ಗಾಯ ಮಾಗಿ ಹಳದಿಗೆ ತಿರುಗಿತ್ತು. ಪಟವನ್ನು ಬೆಳಕಿಗೆ ಹಿಡಿದು ನೋಡಿದಳು.

“ಯಾರಣ್ಣ ಇವ್ಳು?”

“ನೀನೇ ಕಣವ್ವ. ಎಂಗೈತೆ?”

“ನನ್ ಮಖದ ಮ್ಯಾಲಿದ್ದುದ್ದು ಎಲ್ಲೋಯ್ತು?” ಪಟದ ಕತ್ತಿನ ಮೇಲೆ ಬೆರಳಿಟ್ಟಳು. “ಇವತ್ತು ಅಕ್ಕಿಹೆಬ್ಬಾಳಲ್ಲಿ ನಮ್ಮಪ್ಪ ನ್ಯಾಯ ಸೇರ್ಸವ್ರೆ. ಓದ್ಸಲ ಸೇರೋವೊತ್ಗೆ ಗಾಯೆಲ್ಲ ಮಾಗೋಗಿತ್ತು. ಒಗಿಯೋ ಕಲ್ಮ್ಯಾಲೆ ಬಿದ್ಲು ಅಂದ ನನ್ ಗಂಡ. ಎಲ್ರೂ ನಂಬ್ಕಂಡು ವಾಪಸ್ ಕಳಿಸ್ಬುಟ್ರು. ಈ ಸಲ ಕಳ್ಸುದ್ರೆ ನಾನು ಉಳಿಯಾಕಿಲ್ಲ. ಅದ್ಕೇ ಅಲ್ವಾ ಇರೋ ಅಂಗೇ ಬರ್ಲಿ ಅಂದಿದ್ದು?”

ಸಿದ್ದರಾಜು ಬಾಯಿ ತೆರೆಯುವ ಮೊದಲೇ, ಅವಳನ್ನು ಹಿಂಬಾಲಿಸಿ ಬಂದ ರವೀಂದ್ರ ಬಾಗಿಲಲ್ಲಿ ನಿಂತಿದ್ದ. ಹೆಂಡತಿಯ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು. ಒಳಗೆ ಬಂದು ಅವಳ ಕೈಯಿಂದ ಪಟ ಕಿತ್ತುಕೊಂಡು ನೋಡಿ ನಕ್ಕ.

“ಚೆನ್ನಾಗಿ ತೆಗ್ದಿದ್ದೀರ ಕಣಣ್ಣ. ಆ ನೆಗೆಟಿವೂ ಕೊಟ್ಬುಡಿ.”

“ಸೆಕ್ರೆಟ್ರಿಗಳೇ, ಅದು ಕೊಡಾಕಾಗಲ್ಲ,” ಎಂದ ಸಿದ್ದರಾಜು. ಆಗಲೂ ಬಾಯಲ್ಲಿ ಬಂದದ್ದು ಗೌರವವೇ.

ದೀಪದ ಕಂಬ ಅವನ ದವಡೆಗೆ ಬಡಿಯಿತು. ಬಲ್ಬು ಸಿಡಿದು ಗಾಜಿನ ಚೂರು ಕೆನ್ನೆಗೆ ನೆಟ್ಟಿತು. ಕೆಳಗೆ ಬಿದ್ದವನ ಪಕ್ಕೆಗೆ ರವೀಂದ್ರ ಬೂಟುಗಾಲಲ್ಲಿ ಒದ್ದ, ಉಸಿರು ತಿರುಗುವ ಮುಂಚೆ ಮತ್ತೆ ಒದ್ದ. “ಕೊಡ್ಲಾ ನೆಗೆಟಿವ, ಕೊಡ್ಲಾ ಬೋಳಿಮಗ್ನೆ.” ಬಿಡಿಸಲು ಬಂದ ಪ್ರೇಮಮ್ಮನ ತುರುಬು ಹಿಡಿದು ಪರದೆಯ ಹಂಸಗಳ ಮೇಲೆ ಒತ್ತಿ, ಹೊಟ್ಟೆಗೆ ಮೊಣಕಾಲು ಹಾಕಿದ. ಅವಳು ಸದ್ದಿಲ್ಲದೆ ಕುಸಿದಳು. ಕುಸಿದವಳನ್ನು ಎಬ್ಬಿಸಿ ಮತ್ತೆ ಹಾಕಿದ. ಮುಖವನ್ನು ಮಾತ್ರ ಮುಟ್ಟಲಿಲ್ಲ. ಸಾಯಂಕಾಲ ನ್ಯಾಯವಿದೆ ಅನ್ನುವ ಎಚ್ಚರ ಅಷ್ಟು ಸಿಟ್ಟಿನಲ್ಲೂ ಅವನಿಗಿತ್ತು. ಸಿದ್ದರಾಜು ನೆಲದ ಮೇಲೆ ಬಿದ್ದುಕೊಂಡೇ ಅದನ್ನು ಕಂಡ.

ಪಕ್ಕದ ಹೋಟೆಲಿನವರು ಓಡಿಬಂದು ರವೀಂದ್ರನನ್ನು ಹೊರಕ್ಕೆ ಎಳೆದರು. ಅವನು ಅಂಗಿ ಸರಿಮಾಡಿಕೊಂಡ. “ಗಂಡ ಎಂಡ್ತಿ ವಿಷ್ಯ, ತಲೆ ಆಕ್ಬ್ಯಾಡ್ರಿ,” ಎಂದು ಅವರಿಗೆ ಹೇಳಿ, ಪಟವನ್ನು ಜೇಬಿಗಿಟ್ಟ. “ನ್ಯಾಯುಕ್ ಬಾ, ಇದ್ನೇ ತೋರಿಸ್ತೀನಿ,” ಎಂದು ಹೆಂಡತಿಗೆ ಕೂಗಿ ಮೋಟಾರ್ ಬೈಕು ಹತ್ತಿದ.

ಸಿದ್ದರಾಜು ಎದ್ದು ರಕ್ತ ಉಗುಳಿದ, ಜೊತೆಗೊಂದು ಹಲ್ಲೂ ಬಿತ್ತು. ಅದರ ನೋವು ಅವನಿಗೆ ಅಷ್ಟಾಗಿ ತಟ್ಟಲಿಲ್ಲ. ಕೇಳಿಸಿಕೊಂಡಿದ್ದರೆ ಸಾಕಿತ್ತು, ಆಕೆ ಬಾಯಿಬಿಟ್ಟು ಹೇಳಿದ್ದಳು. ತನ್ನ ಕೈಯಾರೆ ಅವಳನ್ನು ಮತ್ತೆ ಆ ಮನೆಗೆ ನೂಕಲಿದ್ದೆನಲ್ಲ ಎಂದು ಅವನಿಗೆ ಅಳುವೇ ಬಂತು.

“ಏಳವ್ವ, ಒಳಕ್ ಬಾ. ಪೆನ್ಸಿಲ್ಲಲ್ಲಿ ಬರ್ದಿರೋದು ತಾನೆ. ಒರಸುದ್ರೆ ಓಯ್ತದೆ.”

ಕತ್ತಲೆಕೋಣೆಯ ಡಬ್ಬಿಯಲ್ಲಿ ನೆಗೆಟಿವು ಭದ್ರವಾಗಿತ್ತು. ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಮೆಲ್ಲಗೆ ಒರೆಸಿದ. ಅದರ ಮೂಲಕ ಕಾಗದಕ್ಕೆ ಬೆಳಕು ಬಿಡುವ ಮುಂಚೆ ಕೈ ತಡೆದು ಅವಳತ್ತ ತಿರುಗಿದ. ಯಾವ ಗಿರಾಕಿಯನ್ನೂ ಕೇಳದ ಮಾತನ್ನು ಕೇಳಿದ.

“ಎಂಗ್ ಬರ್ಬೇಕವ್ವ?”

ಪ್ರೇಮಮ್ಮ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. “ಕಪ್ಗೆ ಬರ್ಲಿ. ಕತ್ತಿಂದು ಚೆನ್ನಾಗ್ ಕಾಣ್ಲಿ.”

ಕೆಂಪು ದೀಪದ ಕೆಳಗೆ ಇಬ್ಬರೂ ಟ್ರೇಯ ಮೇಲೆ ಬಗ್ಗಿದರು. ನೀರಿನಡಿಯ ಬಿಳಿ ಕಾಗದದಲ್ಲಿ ಮೊದಲು ತಲೆಗೂದಲು ಮೂಡಿತು, ಹುಬ್ಬು ಮೂಡಿತು, ಆಮೇಲೆ ಕಣ್ಣ ಕೆಳಗಿನ ಕಪ್ಪು. ಕಡೆಗೆ ಕತ್ತಿನ ಮೇಲೆ ಒಂದು ಬೆರಳು ಕಂಡಿತು, ಅದರ ಪಕ್ಕಕ್ಕೆ ಇನ್ನೊಂದು. ಸಿದ್ದರಾಜು ಇಕ್ಕಳ ಹಿಡಿದು, ಎಲ್ಲ ಬೆರಳುಗಳೂ ಬರುವವರೆಗೆ ಕಾದ.