ಮೂರೇ ಊರು ಎಂದವರು

ನಂಜುಂಡೇಶಣ್ಣನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಅವರು ಪೆನ್ಸಿಲ್ ಹೆರೆಯುತ್ತಿದ್ದರು. ಕಂದು ಕೋಟಿನ ಒಳಜೇಬಿನಿಂದ ಅರ್ಧ ಬ್ಲೇಡು ತೆಗೆದು, ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಎದುರಿಗೆ ಕುಳಿತವರ ಮುಖವನ್ನೂ ನೋಡದೆ, ಎಳೆ ಎಳೆಯಾಗಿ ಮರ ಹೆರೆಯುತ್ತ ಹೋಗುವರು. ಊಟಿಯ ನಮ್ಮ ಟ್ರಾವೆಲ್ಸ್ ಆಫೀಸಿನ ಮೆಟ್ಟಿಲು ಹತ್ತಿ ಬಂದು "ಯುರೋಪು, ಒಂಬತ್ತು ದಿನ, ಎಂಟು ಊರು" ಎಂದು ಉತ್ಸಾಹದಿಂದ ಹೇಳಿದವರಿಗೆ ಈ ಮೌನದ ಅರ್ಥ ತಿಳಿಯುತ್ತಿರಲಿಲ್ಲ. ಮೊನೆ ಸೂಜಿಯಂತಾದ ಮೇಲೆ ಅವರು ತಲೆಯೆತ್ತಿ "ಆಗಲ್ಲ" ಎನ್ನುತ್ತಿದ್ದರು. ವಿವರಣೆ ಆಮೇಲೆ, ಕೇಳಿದರೆ ಮಾತ್ರ.

ಅವರು ವಿದೇಶಕ್ಕೆ ಹೋದವರಲ್ಲ. ಪಾಸ್‌ಪೋರ್ಟೂ ಇರಲಿಲ್ಲ. ಅಜ್ಜನ ಕಾಲಕ್ಕೆ ಗುಂಡ್ಲುಪೇಟೆ ಕಡೆಯಿಂದ ಬಂದು ಮಸಿನಗುಡಿ ಪಕ್ಕದ ಮಾವನಲ್ಲ ಎಂಬ ಹಳ್ಳಿಯಲ್ಲಿ ಬೇಸಾಯಕ್ಕೆ ನಿಂತ ಮನೆ ಅವರದು. ಇಪ್ಪತ್ತಮೂರು ವರ್ಷ ಪ್ರವಾಸಿಗಳ ವ್ಯಾನು ಓಡಿಸಿ, ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವುಗಳಲ್ಲಿ ಬ್ರೇಕು ತುಳಿದು ತುಳಿದು ಬಲಮೊಣಕಾಲು ಕೆಟ್ಟ ಮೇಲೆ, ನಮ್ಮ ಮಾಲೀಕ ರಾಜೇಂದ್ರನ್ ಅವರನ್ನು ಕರೆದು ಕುರ್ಚಿ ಕೊಟ್ಟಿದ್ದರು. ಹೊರದೇಶದ ಪ್ರವಾಸಗಳ ದಿನಪಟ್ಟಿಯನ್ನು ಅವರು ಕನ್ನಡದಲ್ಲಿ ಬರೆಯುವುದು, ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು ಅದನ್ನು ಇಂಗ್ಲಿಷಿಗೆ ಮಾಡಿ ಟೈಪಿಸುವುದು. ಹಾಗೆ ನಾಲ್ಕು ವರ್ಷ ನಾವಿಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕುಳಿತು, ಕಾಣದ ಊರುಗಳ ರೈಲ್ವೆ ಸ್ಟೇಷನ್ನುಗಳಲ್ಲಿ ನಡೆದಾಡಿದೆವು.

ನಡೆದಾಡಿದೆವು ಎಂದರೆ ನಿಜವಾಗಿಯೂ ನಡೆದಾಡಿದೆವು. ಕಂಪ್ಯೂಟರಿನಲ್ಲಿ ನಾನು ಚಿತ್ರವನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ಸರಿಸಬೇಕು, ಅವರು ಮೆಟ್ಟಿಲು ಎಣಿಸಬೇಕು. ಎಣಿಸುವಾಗ ಅವರ ಬಲಗೈ ತಾನಾಗಿ ಮೊಣಕಾಲಿನ ಮೇಲೆ ಹೋಗುತ್ತಿತ್ತು. "ಲಿಫ್ಟ್ ಎಲ್ಲವ್ವಾ? ತೋರ್ಸು. ಅದು ಕೆಟ್ಟಿದ್ರೆ?" ಹೋಟೆಲುಗಳ ಬಗ್ಗೆ ಜನ ಬರೆದ ಅಭಿಪ್ರಾಯಗಳನ್ನು ಓದಿ ಹೇಳಲು ಕೂತರೆ ಕೈಯೆತ್ತಿ ತಡೆಯುತ್ತಿದ್ದರು. "ಹೊಗಳಿರೋರ್ದು ಬ್ಯಾಡ, ಬೈದಿರೋರ್ದು ಓದು. ಹೊಗಳೋರು ಸುಳ್ಳಾಡ್ತಾರೆ, ಬೈಯೋರಿಗೆ ಪುರುಸೊತ್ತು ಇರ್ತದೆ." ನಕ್ಷೆ ಎರಡು ಗಂಟೆ ಎಂದರೆ ಅವರು ಮೂರು ಎಂದು ಬರೆಯುವರು. ಇಳಿದ ದಿನ ಏನನ್ನೂ ನೋಡಕೂಡದು. ನಾಲ್ಕು ದಿನಕ್ಕೊಮ್ಮೆ ಅರ್ಧ ದಿನದ ಮುಂದೆ "ಸುಮ್ಮನೆ" ಎಂಬ ಒಂದೇ ಪದ ಇರುತ್ತಿತ್ತು. ಅದನ್ನು ಇಂಗ್ಲಿಷಿಗೆ ಹೇಗೆ ಮಾಡುವುದೋ ನನಗೆ ಕೊನೆಗೂ ತಿಳಿಯಲಿಲ್ಲ.

"ಸುಮ್ಮನೆ ಇರೋದಕ್ಕೆ ಅಷ್ಟು ದೂರ ಯಾಕಣ್ಣೇ ಹೋಗಬೇಕು? ಮನೇಲೇ ಇರಬಹುದಲ್ಲ" ಎಂದು ರಾಜೇಂದ್ರನ್ ನಗುತ್ತಿದ್ದರು.

"ನಿಮ್ಮ ಮನೇಲಿ ಸುಮ್ನಿರಕ್ಕೆ ಬುಡ್ತಾರಾ?" ಎಂದು ಇವರು.

ಈ ಹಟಕ್ಕೆ ಬೇರು ಎಲ್ಲಿತ್ತೆಂದು ಒಮ್ಮೆ ಮಾತ್ರ ಹೇಳಿದ್ದರು. ಮೇ ತಿಂಗಳ ಒಂದು ದಿನ ಮೈಸೂರಿನಿಂದ ಬೆಳಗಿನ ಜಾವ ಹೊರಟ ಕುಟುಂಬವೊಂದನ್ನು ಮಸಿನಗುಡಿಯಿಂದ ಮೇಲೆ ಹತ್ತಿಸಿದ್ದರಂತೆ. ದೊಡ್ಡಬೆಟ್ಟದಲ್ಲಿ ಏಳು ನಿಮಿಷ, ಅದೂ ಮಂಜು. ಕೆರೆಯ ಹತ್ತಿರ ವಾಹನ ನಿಲ್ಲಿಸಲು ಜಾಗವಿಲ್ಲ. ಹೂದೋಟವನ್ನು ಕಿಟಕಿಯಿಂದ ನೋಡಿ, ಗೂಡಲೂರು ರಸ್ತೆಗೆ ಇಳಿದಿದ್ದರು. ತಿರುವುಗಳಲ್ಲಿ ವಾಂತಿ ಮಾಡಿ ಮಾಡಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದ ಅಜ್ಜಿಯೊಬ್ಬರು ಪೈಕಾರ ದಾಟಿದ ಮೇಲೆ ಎದ್ದು ಕೇಳಿದರು, "ಊಟಿ ಇನ್ನೂ ಎಷ್ಟು ದೂರ ಮಗಾ?"

"ಹಿಂದುಕ್ಕೆ ಹೋಯ್ತು ಕನವ್ವ ಅಂತ ನಾ ಹೆಂಗೆ ಹೇಳನೆ?" ಎಂದು ನಂಜುಂಡೇಶಣ್ಣ ನನ್ನನ್ನೇ ಕೇಳಿದ್ದರು. "ನಮ್ಮೂರ ತುಳ್ದು ಹೋಗೋರ ಕಂಡು ನಾವು ಬೈತೀವಿ. ನಾವು ಇನ್ನೊಬ್ರ ಊರ ಹಂಗೇ ತುಳೀಬಹುದಾ?"

ಹೋದ ವರ್ಷ ಹುಬ್ಬತಲೈ ಹಟ್ಟಿಯಿಂದ ಹನ್ನೊಂದು ಜನರ ಗುಂಪು ಬಂತು. ಎಲ್ಲರೂ ಒಂದೋ ಎರಡೋ ಎಕರೆ ಟೀ ಬೆಳೆಯುವ ಬಡಗ ಸಮುದಾಯದವರು, ಒಬ್ಬರಿಗೊಬ್ಬರು ನಂಟರು. ಮುಂದಾಳು ಮಹಾಲಿಂಗಂ, ಫ್ಯಾಕ್ಟರಿಗೆ ಎಲೆ ಸಾಗಿಸುವ ಲಾರಿಯ ಯಜಮಾನ. ಅವರ ಕೈಯಲ್ಲಿ ಏಳು ಊರಿನ ಪಟ್ಟಿ. ಕೋತಗಿರಿ ಕಡೆಯವರು ಆರು ಊರು ನೋಡಿ ಬಂದಿದ್ದರು. ಏಳಕ್ಕೆ ಬೇರೆ ಕಾರಣ ಬೇಕಿರಲಿಲ್ಲ. ನಂಜುಂಡೇಶಣ್ಣ ಆ ದಿನ ಎರಡು ಪೆನ್ಸಿಲ್ ಹೆರೆದರು. ವಾರವಿಡೀ ಕುಳಿತು ಹತ್ತು ದಿನಕ್ಕೆ ಮೂರೇ ಊರಿನ ದಾರಿ ಮಾಡಿದರು: ಮೊದಲು ಲೂಸರ್ನ್, ಆಮೇಲೆ ಫ್ಲಾರೆನ್ಸ್, ಕೊನೆಗೆ ರೋಮ್. ಲೂಸರ್ನಿನಿಂದ ಒಂದು ದಿನ ಬೆಟ್ಟಕ್ಕೆ ಹೋಗಿ ಬರುವುದು, ಬೆಳಿಗ್ಗೆ ಮಂಜಿದ್ದರೆ ಬೆಟ್ಟ ಬಿಟ್ಟು ದೋಣಿ. ಫ್ಲಾರೆನ್ಸಿನಿಂದ ಒಂದು ದಿನ ಪೀಸಾ, ಮಧ್ಯಾಹ್ನದ ಊಟಕ್ಕೆ ವಾಪಸು. ಮಹಾಲಿಂಗಂ ಮುಖ ಗಂಟಿಕ್ಕಿದರೂ ಒಪ್ಪಿ ಹೋದರು.

ಅವರ ಹಿಂದೆಯೇ ಹೊರಟ ಗುಂಪಿನ ಕಮಲಂ ಬಾಗಿಲ ತನಕ ಹೋಗಿ ತಿರುಗಿ ಬಂದರು. ಅರವತ್ತರ ಮೇಲಿನವರು, ಬೆರಳ ತುದಿಗಳು ಎಲೆ ಕಿತ್ತು ಕಪ್ಪಾದವರು. ಅವರ ಬಡಗ ಮಾತನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಣ್ಣಾ, ನನ್ನ ಅವ್ವೆಗೆ ತೊಂಬತ್ತೊಂದು. ತವರು ಹಟ್ಟಿಯಲ್ಲಿ ಮಲಗಿದ್ದಾಳೆ. ಅವಳೇ ಹೋಗಿ ಬಾ ಅಂದಳು. ನಾನಿಲ್ಲದಾಗ ಏನಾದರೂ ಆದರೆ, ಅವಳನ್ನು ಎತ್ತುವ ಮೊದಲು ನಾನು ಮಂಚದ ಪಕ್ಕ ಕೂತಿರಬೇಕು. ಆಗುತ್ತದೆ ಅಂದರೆ ಬರುತ್ತೇನೆ. ಇಲ್ಲ ಅಂದರೆ ಈಗಲೇ ಹೇಳಿ, ಹೆಸರು ತೆಗೆಸಿಬಿಡುತ್ತೇನೆ."

ಬಡಗರ ಹಟ್ಟಿಗಳಲ್ಲಿ ಸಾವಿನ ಸುದ್ದಿ ಬಂದರೆ ಕಿತ್ತ ಎಲೆಯನ್ನು ಬುಟ್ಟಿಯಲ್ಲೇ ಬಿಟ್ಟು ಹೊರಡುತ್ತಾರೆ. ದೂರದ ನಂಟರೇ ಹಾಗೆ. ಮಗಳು ಬರದಿದ್ದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮರೆಯುವುದೂ ಇಲ್ಲ.

ನಂಜುಂಡೇಶಣ್ಣ ಎರಡು ದಿನ ಸಮಯ ಕೇಳಿದರು. ಮೂರನೆಯ ದಿನ, ಹತ್ತೂ ದಿನಗಳ ಕೆಳಗೆ ಒಂದೊಂದು ಸಾಲು ಸೇರಿತ್ತು: ಈ ದಿನ ಸುದ್ದಿ ಬಂದರೆ ಯಾವ ರೈಲು, ಯಾವ ವಿಮಾನ ನಿಲ್ದಾಣ, ಎಲ್ಲಿ ಬದಲಾಯಿಸಬೇಕು, ಕೊಯಮತ್ತೂರಿಗೆ ಯಾವಾಗ. ಮನೆ ಸೇರಲು ಒಂದೂವರೆ ದಿನ ಮೀರಿದ ಸಾಲು ಒಂದೂ ಇರಲಿಲ್ಲ. ಕಮಲಂ ಐದನೇ ಕ್ಲಾಸಿನ ತನಕ ತಮಿಳು ಓದಿದ್ದರು. ಅವರಿಗಾಗಿ ಅದನ್ನೆಲ್ಲ ದುಂಡಗಿನ ತಮಿಳು ಅಕ್ಷರದಲ್ಲಿ ಒಂದು ಹಾಳೆಗೆ ಇಳಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟರು. ಆಮೇಲೆ ಮೊಣಕಾಲಿನ ಚಿಕಿತ್ಸೆಗೆಂದು ಮೂರು ವಾರ ರಜೆ ಹಾಕಿ ಮೈಸೂರಿಗೆ ಹೋದರು.

ಅವರು ಹೋದ ನಾಲ್ಕನೆಯ ದಿನ ಮಹಾಲಿಂಗಂ ಮತ್ತೆ ಬಂದರು, ರಾಜೇಂದ್ರನ್ ಕೋಣೆಯಲ್ಲಿ ಒಂದು ಗಂಟೆ ಕುಳಿತರು. ಹೊರಬಂದಾಗ ಊರುಗಳು ಮತ್ತೆ ಏಳಾಗಿದ್ದವು. ರೈಲು ಹೋಗಿ ಮಿನಿ ಬಸ್ಸು ಬಂದಿತ್ತು. ರಾಜೇಂದ್ರನ್ ಹಾಳೆಗಳನ್ನು ನನ್ನ ಮುಂದಿಟ್ಟು, ದಿನಗಳ ಕೆಳಗಿದ್ದ ಸಾಲುಗಳ ಮೇಲೆ ಬೆರಳೆಳೆದರು.

"ಇದೆಲ್ಲ ತೆಗೆದುಬಿಡಮ್ಮ. ಟೂರ್ ಪೇಪರಲ್ಲಿ ಯಾರಾದರೂ ಸಾವಿನ ಮಾತು ಬರೀತಾರಾ? ಅಪಶಕುನ."

"ಅಣ್ಣನಿಗೆ ಒಂದು ಮಾತು..."

"ಕಾಲು ನೋವಲ್ಲಿ ಮಲಗಿರೋ ಮನುಷ್ಯನಿಗೆ ಯಾಕೆ ತೊಂದರೆ?"

ನಾನು ಅಳಿಸಿದೆ. ಹತ್ತು ಸಾಲು, ಹತ್ತು ಸಲ. ಕೆಳಗೆ "ತಯಾರಿಸಿದವರು: ನಂಜುಂಡೇಶ" ಎಂದಿದ್ದದ್ದು ಹಾಗೆಯೇ ಉಳಿಯಿತು. ಹೊಸ ಪಟ್ಟಿಯ ಪ್ರತಿಗಳನ್ನು ಮಹಾಲಿಂಗಂ ಒಯ್ದು ಹಂಚಿದರು. ಅದು ಇಂಗ್ಲಿಷಿನಲ್ಲಿತ್ತು. ಕಮಲಂ ತಮ್ಮ ಕವರಿನಲ್ಲಿದ್ದ ತಮಿಳು ಹಾಳೆಯನ್ನೇ ನಂಬಿಕೊಂಡು ವಿಮಾನ ಹತ್ತಿದರು.

ನಂಜುಂಡೇಶಣ್ಣ ಕೆಲಸಕ್ಕೆ ಮರಳಿದ್ದು ಗುಂಪು ಹೊರಟ ನಾಲ್ಕನೆಯ ದಿನ. ಕೋಟು ಬಿಚ್ಚಿ ಕುರ್ಚಿಗೆ ಹಾಕುವಷ್ಟರಲ್ಲಿ ಕಮಲಂ ಅವರ ತವರಿನಿಂದ ಫೋನು, ಅವರ ತಂಗಿಯ ಮಗ ಕಾರ್ತಿ: "ಅಜ್ಜಿ ಹೋಗಿಬಿಟ್ಟಳು. ನಾಳೆ ಸಂಜೆ ತನಕ ಇಟ್ಟುಕೊಳ್ಳುತ್ತೇವೆ, ಅದಕ್ಕಿಂತ ಹೆಚ್ಚು ಹಿರಿಯರು ಒಪ್ಪುತ್ತಿಲ್ಲ. ದೊಡ್ಡವ್ವೆಗೆ ಆಗಲೇ ಹೇಳಿದ್ದೇವೆ."

"ಇವತ್ತು ನಾಕನೇ ದಿನ. ಲೂಸರ್ನಲ್ಲಿ ಅವ್ರೆ. ಒಂದು ಗಂಟೆ ರೈಲು, ಸೀದಾ ವಿಮಾನದ ಹತ್ರ," ಎಂದರು ನಂಜುಂಡೇಶಣ್ಣ. ದನಿಯಲ್ಲಿ ಒಂದು ಬಗೆಯ ಸಮಾಧಾನವೇ ಇತ್ತು. ಪಟ್ಟಿ ಬದಲಾದದ್ದನ್ನು ನಾನು ಎದ್ದು ನಿಂತು ಹೇಳಬೇಕಾಯಿತು.

ಅವರು ನನ್ನನ್ನು ಬೈಯಲಿಲ್ಲ. ಹೊಸ ಪಟ್ಟಿ ತರಿಸಿ ಒಮ್ಮೆ ಓದಿದರು. ನಾಲ್ಕನೆಯ ದಿನ: ಬೆಳಿಗ್ಗೆ ಆರಕ್ಕೆ ಆಮ್‌ಸ್ಟರ್‌ಡ್ಯಾಮ್ ಬಿಟ್ಟು, ಕಲೋನಿನಲ್ಲಿ ಅರ್ಧ ಗಂಟೆ, ದಿನವಿಡೀ ಬಸ್ಸು, ಸಂಜೆ ದಾರಿಯಲ್ಲೊಂದು ಜಲಪಾತ, ರಾತ್ರಿ ಸ್ವಿಟ್ಜರ್ಲೆಂಡಿನ ಯಾವುದೋ ಹಳ್ಳಿಯ ಹೋಟೆಲು. ಅವರು ನಕ್ಷೆ ತೆಗೆಸಿದರು. ಬಸ್ಸು ಹೋಗುವ ದೊಡ್ಡ ರಸ್ತೆ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಪಕ್ಕಕ್ಕೇ ಹಾಯುತ್ತಿತ್ತು. ಅಲ್ಲಿಂದ ಅದೇ ದಿನದ ವಿಮಾನದಲ್ಲಿ ಸೀಟು ಸಿಕ್ಕಿತು. ನಮ್ಮ ಗಡಿಯಾರದಲ್ಲಿ ಮೂರು ಗಂಟೆ, ಅವರಿಗೆ ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಎಲ್ಲವೂ ಇತ್ತು. ಬಸ್ಸು ರಸ್ತೆ ಬಿಟ್ಟು ನಿಲ್ದಾಣಕ್ಕೆ ಹೋಗಿ, ಕಮಲಂ ಅವರನ್ನು ಇಳಿಸಿ ಬರುವ ಒಂದು ಗಂಟೆ ಮಾತ್ರ ಬಾಕಿ.

ಮಹಾಲಿಂಗಂ ಫೋನು ತೆಗೆದರು. ಸ್ಪೀಕರಿನಲ್ಲಿ ಬಸ್ಸಿನ ಸದ್ದು ಕೇಳುತ್ತಿತ್ತು.

"ಒಂದು ಗಂಟೆ ಅಂತೀರಿ ಅಣ್ಣೇ, ಸಂಜೆ ಜಲಪಾತದ ದೋಣಿ ನಿಂತುಹೋಗುತ್ತೆ ಅಂತ ಗೈಡ್ ಹೇಳ್ತಾನೆ. ಹತ್ತು ಜನ ಇದ್ದಾರೆ. ನಾಳೆ ಆ ಕಡೆಯಿಂದಲೇ ಕಳಿಸೋಣ."

"ನಾಳೆ ಹೊರಟ್ರೆ ಏನ ನೋಡಕ್ಕೆ ಬರ್ತಾರೆ, ಬೂದೀನಾ?" ನಂಜುಂಡೇಶಣ್ಣನ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಬಸ್ಸಲ್ಲಿರೋರ್ನೆಲ್ಲ ಕೇಳಿ ಮಹಾಲಿಂಗಂ. ಒಬ್ಬೊಬ್ರನ್ನೂ ಕೇಳಿ. ನನಗೆ ಕೇಳೋ ಹಂಗೆ."

ಮಹಾಲಿಂಗಂ ಕೇಳಿದರು. ಯಾರೂ ಬೇಡ ಎನ್ನಲಿಲ್ಲ, ನಿಲ್ಲಿಸಿ ಎಂದೂ ಅನ್ನಲಿಲ್ಲ. ಆಮೇಲೆ ಹಿಂದಿನ ಸೀಟಿನಿಂದ ಕಮಲಂ ದನಿ, ಬಹಳ ಸಣ್ಣಗೆ: "ಬೇಡ, ಹೋಗಲಿ ಬಿಡಿ."

ಇವೇ ಜನ ಊರಿನಲ್ಲಿದ್ದಿದ್ದರೆ ಚಪ್ಪಲಿಯನ್ನೂ ಹುಡುಕದೆ ಜೀಪು ಹತ್ತುತ್ತಿದ್ದರು. ಮಹಾಲಿಂಗಂ ತಮ್ಮ ಲಾರಿಯನ್ನೇ ತೆಗೆಯುತ್ತಿದ್ದರು. ಅವರು ಕೆಟ್ಟವರಲ್ಲ ಎಂಬುದೇ ನನ್ನನ್ನು ಇಂದಿಗೂ ಸುಡುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಒಂದು ಉಸಿರಿಗೂ ಎಡೆಯಿಲ್ಲದ ಪಟ್ಟಿಯನ್ನು ಕೈಗೆ ಕೊಟ್ಟು ಬಸ್ಸಿನೊಳಗೆ ಕೂರಿಸಿದರೆ, ಪಕ್ಕದಲ್ಲಿ ಕೂತವಳ ತಾಯಿಯ ಸಾವೂ ಬರೀ ಅಡ್ಡಿಯಾಗಿ ಕಾಣುತ್ತದೆ. ಆ ಪಟ್ಟಿಯನ್ನು ಅಚ್ಚುಕಟ್ಟಾಗಿ ಟೈಪಿಸಿದವಳು ನಾನು.

ಕಮಲಂ ಬಂದಿಳಿದಾಗ ಎಲ್ಲ ಮುಗಿದು ಎರಡು ದಿನವಾಗಿತ್ತು. ಮುಂದಿನ ವಾರ ನಂಜುಂಡೇಶಣ್ಣನ ಜೊತೆ ನಾನೂ ಹುಬ್ಬತಲೈಗೆ ಹೋದೆ. ಬಸ್ ನಿಲ್ದಾಣದಿಂದ ಹಟ್ಟಿಗೆ ಇಳಿಯುವ ಮೆಟ್ಟಿಲುಗಳಲ್ಲಿ ಅವರು ಒಂದು ಕೈ ಗೋಡೆಗೂ ಒಂದು ಕೈ ಮೊಣಕಾಲಿಗೂ ಕೊಟ್ಟು, ಅಡ್ಡಡ್ಡ ಹೆಜ್ಜೆಯಿಟ್ಟು ಇಳಿದರು. ಕಮಲಂ ನಮಗೆ ಟೀ ಕೊಟ್ಟು ಗೋಡೆಗೊರಗಿ ಕುಳಿತರು.

"ನನ್ನ ಹೆಸರಿತ್ತಲ್ಲಕ್ಕ ಅದ್ರಲ್ಲಿ," ಎಂದರು ನಂಜುಂಡೇಶಣ್ಣ.

"ನಿಮ್ಮ ಕಾಗದ ಸರಿಯಾಗಿಯೇ ಇತ್ತು ಅಣ್ಣಾ. ಬಸ್ಸಿನಲ್ಲಿ ಮತ್ತೆ ಮತ್ತೆ ಓದಿದೆ. ಗೈಡಿಗೂ ತೋರಿಸಿದೆ. ಆ ಕಾಗದದೊಳಗೆ ನಾನಿರಲಿಲ್ಲ, ಅಷ್ಟೇ."

ಬದಲಾದದ್ದನ್ನು ಟೈಪ್ ಮಾಡಿದ್ದು ನಾನೆಂದು ಹೇಳಿದೆ. ಕಮಲಂ ನನ್ನನ್ನು ದಿಟ್ಟಿಸಿದರು.

"ಯಾರು ಮಾಡು ಅಂದರು?"

"ಮಾಲೀಕರು."

"ಮಾಡು ಅಂದದ್ದನ್ನೆಲ್ಲ ಮಾಡುತ್ತೀಯಾ ತಾಯಿ?"

ಅಷ್ಟರಲ್ಲಿ ಪಕ್ಕದ ಮನೆಯಿಂದ ಮಹಾಲಿಂಗಂ ಬಂದು, ಏನು ಮಾತನಾಡುವುದೆಂದು ತೋಚದೆ, ಮೊಬೈಲು ತೆಗೆದು ಫೋಟೊ ತೋರಿಸತೊಡಗಿದರು. ಏಳು ಊರುಗಳ ಮುಂದೆ ಏಳು ಸಲ ಒಂದೇ ಭಂಗಿಯಲ್ಲಿ ನಿಂತಿದ್ದರು. ಜಲಪಾತದ ಫೋಟೊ ಬಂದಾಗ ಬೆರಳು ಬೇಗ ಸರಿಯಿತು. ನಂಜುಂಡೇಶಣ್ಣ ಅದನ್ನು ಹಿಂದಕ್ಕೆ ತಳ್ಳಿ ನಿಲ್ಲಿಸಿ, ಚೆನ್ನಾಗಿ ನೋಡಿ, ಮೊಬೈಲನ್ನು ಕಮಲಂ ಕಡೆಗಲ್ಲ, ಮಹಾಲಿಂಗಂ ಕಡೆಗೇ ತಿರುಗಿಸಿ ಹಿಡಿದರು. ಮಹಾಲಿಂಗಂ ತಲೆ ತಗ್ಗಿಸಿ ಎದ್ದು ಹೋಗುವ ತನಕ ಹಿಡಿದೇ ಇದ್ದರು.

ಆ ತಿಂಗಳೇ ಅವರು ಕೆಲಸ ಬಿಟ್ಟರು. ಈಗ ಮಾವನಲ್ಲದ ಮನೆಯ ಜಗಲಿಯಲ್ಲಿ ಕೂತು, ಕೇಳಿ ಬಂದವರಿಗೆ ದಾರಿ ಬರೆದು ಕೊಡುತ್ತಾರೆ. ಬರುವವರು ಕಡಿಮೆ. ರಾಜೇಂದ್ರನ್ ಆಫೀಸಿನ ಹೊರಗೆ ಈಗ ಎಂಟು ಊರಿನ ಬೋರ್ಡಿದೆ. ನಾನು ಅಲ್ಲಿಲ್ಲ.

ಆಗುವುದಿಲ್ಲ ಎಂದು ಹೇಳುವವರನ್ನು ನಮ್ಮ ಜನ ಸಿಡುಕರೆಂದೂ ಬೆಳೆಯದವರೆಂದೂ ಬದಿಗೆ ಸರಿಸುತ್ತಾರೆ. ಆಗುತ್ತದೆ ಎನ್ನುವವರಿಗೆ ಹಾರ ಬೀಳುತ್ತದೆ. ಆದರೆ ಒಂದು ದಿನದಲ್ಲಿ ಒಂದು ಮುದಿ ಶರೀರ ಎಷ್ಟು ಮೆಟ್ಟಿಲು ಹತ್ತಬಲ್ಲದು, ಒಂದು ದುಃಖಕ್ಕೆ ಎಷ್ಟು ಗಂಟೆ ಬೇಕು ಎಂದು ಕೂತು ಲೆಕ್ಕ ಹಾಕುವವರು ಈ ಒರಟು ಜನ ಮಾತ್ರ. ಅವರು ಪ್ರವಾಸಕ್ಕೆ ಅಡ್ಡ ಬರುವುದಿಲ್ಲ. ಮನುಷ್ಯರು ಹೋದಲ್ಲೆಲ್ಲ ಮನುಷ್ಯರಾಗಿಯೇ ಇರಲೆಂದು ಒಂದಿಷ್ಟು ಬಿಡುವು ಕೇಳುತ್ತಾರೆ. ಅಷ್ಟನ್ನೂ ನಾವು ಕೊಡುವುದಿಲ್ಲ. ಅವರ ಮಾತು ಸರಿಯಿತ್ತೆಂದು ಒಪ್ಪುವ ಹೊತ್ತಿಗೆ ಯಾರದೋ ಮನೆಯಲ್ಲಿ ಎಲ್ಲ ಮುಗಿದಿರುತ್ತದೆ, ಮತ್ತು ಆ ಮನೆಯ ಬಾಗಿಲಿಗೆ ಹೋಗಿ ತಲೆತಗ್ಗಿಸಿ ನಿಲ್ಲುವವರೂ ಅವರೇ ಆಗಿರುತ್ತಾರೆ.