ಹಳಿಯ ಮೇಲಿನ ಡೇರೆ

"ನೀರು ಬಂತು! ನಲ್ಲೀಲಿ ನೀರು ಬಂತು!"

ಹನಿಯಾಳ ಸೊಸೆ ಕೂಗುತ್ತ ಇಳಿಜಾರು ಇಳಿದು ಓಡಿಬಂದಾಗ, ಡೇರೆಯೊಳಗಿದ್ದ ಹನ್ನೊಂದು ಮಂದಿ ಹೆಂಗಸರು ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದರು. ಹಳೆಯ ಕಂಬಳಿಗಳನ್ನು ಹೊಲಿದು ಮಾಡಿದ ಆ ಡೇರೆ ರೈಲು ಹಳಿಯ ಮೇಲೆ ನಿಂತು ಅಂದಿಗೆ ಆರು ದಿನ. ಗಣಿಯ ಕಡೆಯಲ್ಲಿ, ಫಾಸ್ಫೇಟ್ ಅದಿರು ತುಂಬಿದ ಗೂಡ್ಸ್ ರೈಲು ಕೂಡ ಆರು ದಿನದಿಂದ ಕದಲದೆ ನಿಂತಿತ್ತು.

"ಹತ್ತೊಂಬತ್ತು ದಿನಕ್ಕೆ ಮುಖ ತೋರಿಸ್ತು ನೋಡು," ಎಂದಳು ಹನಿಯಾ, ಬೆರಳು ನೆಕ್ಕುತ್ತ.

ಯಾಕೆ ಬಂತು ಎಂದು ಯಾರೂ ಕೇಳಲಿಲ್ಲ. ರೈಲು ಹೊರಡದಿದ್ದರೆ ಅಂಗಳದಲ್ಲಿ ಮಾಲು ಗುಡ್ಡೆ ಬೀಳುತ್ತದೆ. ಜಾಗವಿಲ್ಲದೆ ಮಾಲು ತೊಳೆಯುವ ಕಾರ್ಖಾನೆ ನಿಲ್ಲುತ್ತದೆ. ಕಾರ್ಖಾನೆ ನಿಂತರೆ, ಅದು ಹೀರಿಕೊಳ್ಳುತ್ತಿದ್ದ ನೀರು ಊರಿಗೆ ಬರುತ್ತದೆ.

ಮೂಲೆಯಲ್ಲಿದ್ದ ರೇಡಿಯೋ, ದೇಶಕ್ಕಾಗುತ್ತಿರುವ ನಷ್ಟದ ಬಗ್ಗೆ ಬೆಳಗಿನಿಂದ ಹೇಳುತ್ತಲೇ ಇತ್ತು. ಬಂದರಿನಲ್ಲಿ ಹಡಗುಗಳು ಕಾಯುತ್ತಿವೆಯಂತೆ.

"ನಮ್ಮ ಹುಡುಗ್ರು ಗಣಿ ಕೆಲಸಕ್ಕೆ ಒಂಬತ್ತು ವರ್ಷದಿಂದ ಕಾಯ್ತಿದಾರೆ. ಹಡಗು ಆರು ದಿನ ಕಾದ್ರೆ ತಳ ತೂತಾಗತ್ತೇನೋ!" ಎಂದು ಹನಿಯಾ ರೇಡಿಯೋದ ಕಿವಿ ತಿರುಚಿ ಆರಿಸಿದಳು. ಎಲ್ಲರೂ ನಕ್ಕು ನೀರಿಗೆಂದು ಎದ್ದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡೇರೆ ಖಾಲಿಯಾಗುವಂತಿರಲಿಲ್ಲ. ಗಂಡಸರು ಕೂತರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆಂದೇ ತಾಯಂದಿರು ಬಂದು ಕೂತಿದ್ದು. ರೈಲಿನ ಚಾಲಕ ಈ ಊರಿನವನೇ. ಒಬ್ಬ ತಾಯಿ ಹಳಿಯ ಮೇಲಿದ್ದರೂ ಅವನು ಗಾಡಿ ಬಿಡುತ್ತಿರಲಿಲ್ಲ.

"ನಾನಿರ್ತೀನಿ, ನೀವು ಹೋಗಿ," ಎಂದಳು ಕೆಂಡದ ಪಕ್ಕ ಕೂತಿದ್ದ ದಹ್ಬಿಯಾ.

"ಇರು ಅಕ್ಕಾ. ನಿನ್ನ ಮೊಣಕಾಲು ಏಳೋವಾಗ ಒಂದ್ಸಲ, ಕೂರೋವಾಗ ಒಂದ್ಸಲ ಊರಿಗೆಲ್ಲ ಕೇಳೋ ಹಾಗೆ ಬೈಯತ್ತೆ," ಎಂದು ಹನಿಯಾ ಚಪ್ಪಲಿ ಹುಡುಕಿಕೊಂಡು ಹೊರಟಳು.

ಎಲ್ಲರೂ ಹೋದ ಮೇಲೆ ದಹ್ಬಿಯಾ ಕೆಂಡದ ಮೇಲಿನ ಚಹಾ ಕೆಳಗಿಳಿಸಿದಳು. ಅವಳ ಹಿರಿಯ ಮಗ ಫೆತ್ಹಿ ಮೂರು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಇಟಲಿಗೆ ಹೋಗುವ ಕಳ್ಳದೋಣಿ ಹತ್ತಿದ್ದ. ಕಡಲ ದಂಡೆಯಿಂದ ಒಂದು ಫೋನು ಬಂದಿತ್ತು. "ಉಮ್ಮಾ, ಗಾಳಿ ಇಲ್ಲ, ಸಮುದ್ರ ತಣ್ಣಗಿದೆ," ಎಂದಿದ್ದ. ಅಷ್ಟೇ, ಆಮೇಲೆ ಸುದ್ದಿಯಿಲ್ಲ. ಕಿರಿಯವನು ವಹೀದ್ ಹೋದ ವಾರ ತನ್ನ ಮೋಟಾರ್ ಸೈಕಲ್ ಮಾರಿದ್ದ. ದೋಣಿಯವರಿಗೆ ಎಷ್ಟು ಹಣ ಬೇಕೆಂದು ಅವಳಿಗೆ ಗೊತ್ತಿತ್ತು. ಗಣಿಯ ಕೆಲಸದ ಪಟ್ಟಿಯಲ್ಲಿ ಈ ಸಲವೂ ಅವನ ಹೆಸರಿರಲಿಲ್ಲ.

"ಚಿಕ್ಕಮ್ಮಾ, ಒಬ್ಬಳೇ ಇದೀಯಾ?"

ಗಣಿ ಕಚೇರಿಯ ಗುಮಾಸ್ತ ಅಮೋರ್. ಪಕ್ಕದ ಮನೆಯಲ್ಲೇ ಬೆಳೆದವನು. ಡೇರೆಯ ಹೊರಗೆ ಕುಕ್ಕರಗಾಲಲ್ಲಿ ಕೂತು ಜೇಬಿನಿಂದ ಕಾಗದ ತೆಗೆದ.

"ಮೂರು ಹೆಸರು ಸೇರಿಸಿದಾರೆ. ವಹೀದಂದೂ ಇದೆ."

"ಓದು."

ಓದಿದ. ಮಗನ ಹೆಸರಿನ ಜೊತೆ ತೀರಿಹೋದ ಗಂಡನ ಹೆಸರೂ ಕೇಳಿಸಿತು. ಇನ್ನೊಂದು ಸಲ ಓದಿಸಿದಳು.

"ಹನಿಯಾಳ ಮಗ?"

"ಅವನು ಮುಂದಿನ ಪಟ್ಟೀಲಿ, ಚಿಕ್ಕಮ್ಮಾ."

"ಮುಂದಿನ ಪಟ್ಟಿ ಅನ್ನೋದನ್ನ ಕೇಳಿ ಕೇಳಿ ನನ್ನ ಕೂದಲು ಬೆಳ್ಳಗಾಯ್ತು ಕಣೋ."

ಅಮೋರ್ ನೆಲ ನೋಡಿದ. "ಇವತ್ತು ಹಳಿ ಖಾಲಿಯಾದ್ರೆ ಮಾತ್ರ ಈ ಮೂರು. ಇಲ್ಲಾಂದ್ರೆ ಇದೂ ಇಲ್ಲ."

"ಅವರೆಲ್ಲ ಬರ್ಲಿ. ಕೇಳಿ ಹೇಳ್ತೀನಿ."

"ಕೇಳಿದ್ರೆ ಒಪ್ತಾರಾ?"

ಊರಿನ ಕಡೆಯಿಂದ ಕೊಡಗಳ ಸದ್ದು, ಯಾರೋ ಯಾರಿಗೋ ನೀರೆರಚಿ ಕಿರುಚಿದ ಸದ್ದು ಕೇಳಿಸುತ್ತಿತ್ತು. ಇಳಿಸಿಟ್ಟ ಚಹಾ ತಣ್ಣಗಾಗುವವರೆಗೆ ದಹ್ಬಿಯಾ ಅದನ್ನೇ ಕೇಳುತ್ತಿದ್ದಳು. ಆಮೇಲೆ ಎರಡೂ ಕೈ ನೆಲಕ್ಕೂರಿ ಎದ್ದಳು. ಮೊದಲ ಗೂಟವನ್ನು ಅವಳೇ ಕಿತ್ತಳು. ಉಳಿದದ್ದನ್ನು ಅಮೋರ್ ಕಿತ್ತ.

ಡೇರೆ ಬಿದ್ದದ್ದೇ ಕಾರ್ಖಾನೆ ಮತ್ತೆ ಶುರುವಾಗುವ ಸೈರನ್ ಕೂಗಿತು. ರೈಲು ಮಾತ್ರ ಬೇಗ ಹೊರಡಲಿಲ್ಲ. ಮುದಿ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, ಕಂಬಳಿಗಳನ್ನು ಎದೆಗವಚಿಕೊಂಡು ಹಳಿಯ ಪಕ್ಕ ನಿಂತವಳನ್ನು ನೋಡುತ್ತಲೇ ಇದ್ದ. ಅವಳು ಮತ್ತೆ ಬಂದು ಕೂರಬಹುದೆಂದು ಕಾದಂತಿತ್ತು. ಕೊನೆಗೆ ಸೀಟಿ ಹೊಡೆದ. ಕಡಲ ಕಡೆಗೆ ಹೊರಟ ವ್ಯಾಗನುಗಳು ಒಂದೊಂದಾಗಿ ಅವಳನ್ನು ದಾಟಿದವು. ಬೂದು ಹುಡಿ ಎದ್ದು ಆಕಾಶವೇ ಕಾಣದಾಯಿತು.

ಹುಡಿ ತೆಳುವಾದಾಗ ಇಳಿಜಾರಿನ ಮೇಲೆ ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬಳು ಅಲ್ಲಿಂದಲೇ ಕೂಗಿದಳು: "ದಹ್ಬಿಯಾ! ನಮ್ಮನ್ನ ಮಾರಿಬಿಟ್ಯಾ?" ಕೆಳಗೆ ಇಳಿದು ಬಂದವಳು ಹನಿಯಾ ಒಬ್ಬಳೇ. ಕೈಯಲ್ಲಿ ಬಕೆಟ್ಟಿತ್ತು, ಲಂಗ ಮೊಣಕಾಲವರೆಗೆ ಒದ್ದೆಯಾಗಿತ್ತು.

"ಹೊಡೆದ್ರಾ ಅಕ್ಕಾ? ಪೊಲೀಸರು ಬಂದಿದ್ರಾ?" ಬಕೆಟ್ ಕೆಳಗಿಟ್ಟು ದಹ್ಬಿಯಾಳ ತೋಳು, ಕತ್ತು, ಹಣೆ ಮುಟ್ಟಿ ಮುಟ್ಟಿ ನೋಡಿದಳು. "ಎಲ್ಲಿ ಹೊಡೆದ್ರು ಹೇಳು."

"ಯಾರೂ ಬರ್ಲಿಲ್ಲ."

"ಮತ್ತೆ?"

"ವಹೀದನ ಹೆಸರು ಬಂತು, ಹನಿಯಾ."

ಹನಿಯಾಳ ಕೈ ಅವಳ ತೋಳಿನ ಮೇಲೇ ಉಳಿಯಿತು.

"ನಮ್ಮ ಹುಡುಗನ್ದು?"

ದಹ್ಬಿಯಾ ಇಲ್ಲವೆಂದು ತಲೆಯಾಡಿಸಿದಳು. ಏನೋ ಹೇಳಲು ಬಾಯಿ ತೆರೆದಳು. ಹುಡಿಗೆ ಕೆಮ್ಮು ಬಂತು.

ಹನಿಯಾ ಕೈ ಹಿಂದಕ್ಕೆ ತೆಗೆದುಕೊಂಡು ಜಲ್ಲಿಕಲ್ಲಿನ ಮೇಲೆ ಕೂತಳು. ದಣಿದವರು ಮನೆಯ ವಿಷಯ ಹೇಳುವ ಹಾಗೆ ಹೇಳಿದಳು:

"ನಿನ್ನ ಮನೇದೇ ಮೊದ್ಲು ತುಂಬಿಸ್ದೆ. ನೀನು ಇಲ್ಲಿ ಕೂತಿದೀಯಲ್ಲ ಅಂತ. ಹಂಡೆ, ಎರಡು ಕೊಡ, ಹಿಟ್ಟು ಕಲಸೋ ಪಾತ್ರೆ, ಎಲ್ಲಾ. ನಮ್ಮನೆಗೆ ಹೋಗಿ ನಲ್ಲಿಗೆ ಈ ಬಕೆಟ್ ಇಡೋಷ್ಟರಲ್ಲಿ ಸೈರನ್ ಕೂಗ್ತು. ನೀರು ಸಣ್ಣಗಾಯ್ತು. ಆಮೇಲೆ ಬರೀ ಗಾಳಿ."

ಬಕೆಟ್ಟಿನಲ್ಲಿ ಅರ್ಧ ನೀರಿತ್ತು. ರೈಲು ಎಬ್ಬಿಸಿದ ಹುಡಿ ಇನ್ನೂ ಇಳಿಯುತ್ತಲೇ ಇತ್ತು. ಅದು ನೀರಿನ ಮೇಲೆ ಮೊದಲು ಅಲ್ಲಲ್ಲಿ, ಆಮೇಲೆ ತೆಳ್ಳಗೆ ಎಲ್ಲ ಕಡೆಯೂ ಕೂತಿತು. ಇಬ್ಬರೂ ನೋಡುತ್ತಿದ್ದರು. ಇಬ್ಬರ ತಲೆಯ ಮೇಲೂ ಸೆರಗಿನಷ್ಟು ಅಗಲದ ಬಟ್ಟೆಯಿತ್ತು. ಯಾರೂ ಅದನ್ನು ತೆಗೆದು ಬಕೆಟ್ಟಿಗೆ ಮುಚ್ಚಲಿಲ್ಲ.