ಹೆದರಿಸುವ ಕೆಲಸ

ಬೆಳಗೆದ್ದು ಕಾಡುಕೋಣ ಡುಮ್ಮನಿಗೆ ಮಣ್ಣುಹೆಂಟೆ ಬೀಸುವುದು ಅವಳ ಮೊದಲ ಕೆಲಸವಾಗಿತ್ತು. ಗುರಿ ತಪ್ಪಿದರೆ ಜೀಪಿನಲ್ಲಿ ಕೂತ ಅಣ್ಣ ನಗುತ್ತಿದ್ದ. ತಗುಲಿದರೆ ಇನ್ನೂ ಜೋರಾಗಿ ಹೊಡಿ ಎನ್ನುತ್ತಿದ್ದ. ಪಶುವೈದ್ಯನಪ್ಪಾ, ಬಾಯಿ ತುಂಬ ಬುದ್ಧಿವಾದ, ಕೈಗೆ ಮಾತ್ರ ಧೂಳು ಸೋಕಬಾರದು.

ಬೈಸನ್‌ಗಳನ್ನು ಬೇಲಿಯೊಳಗೆ ಬೆಳೆಸಿ ಕಾಡಿಗೆ ಬಿಡುವ ಜಾಗ ಅದು. ಹಿಂಡಿನ ಉಸ್ತುವಾರಿ ಅವಳದು. ತಾಯಿ ಲಾರಿಗೆ ಸಿಕ್ಕಿ ಸತ್ತಾಗ ಡುಮ್ಮನನ್ನು ಹೊತ್ತು ತಂದವನು ಇದೇ ಅಣ್ಣ. ನಾಲ್ಕು ದಿನ ನೋಡಿಕೋ ಎಂದು ಅವಳ ಮಡಿಲಿಗೆ ಹಾಕಿ ನಡೆದುಬಿಟ್ಟಿದ್ದ. ಅವಳು ಅಡುಗೆಮನೆಯಲ್ಲಿ ಗೋಣಿ ಹಾಸಿ, ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದಳು. ಆ ಕರು ಈಗ ಭುಜ ಉಬ್ಬಿದ ಕೋಣ. ಮನುಷ್ಯರು ಕಂಡರೆ ಸಾಕು, ನಾಲಿಗೆ ಚಾಚಿಕೊಂಡು ಬರುತ್ತಿತ್ತು.

ಅದೇ ಕುತ್ತಾಯಿತು. ಮನುಷ್ಯರಿಗೆ ಹೆದರದ ಕೋಣ ಮದ ಬಂದಾಗ ಎದುರು ಸಿಕ್ಕವರನ್ನೂ ಇನ್ನೊಂದು ಕೋಣವೆಂದೇ ತಿಳಿದು ತಿವಿಯುತ್ತದೆ. ಕಾಡಿಗೆ ಬಿಡುವ ಮುಂಚೆ ಹೆದರಿಕೆ ಕಲಿಯದಿದ್ದರೆ ಕೊಲ್ಲದೆ ಬೇರೆ ದಾರಿಯಿಲ್ಲ ಎಂದು ಅರಣ್ಯಾಧಿಕಾರಿ ಖಡಾಖಂಡಿತವಾಗಿ ಹೇಳಿದ್ದಳು.

"ಮುದ್ದು ಮಾಡಿ ಕೆಡಿಸಿದ್ದು ನೀನು. ಹೆದರಿಸೋದೂ ನೀನೇ," ಎಂದ ಅಣ್ಣ.

ಅವಳು ಎದೆ ಕಲ್ಲು ಮಾಡಿಕೊಂಡಳು. ಡಬ್ಬ ಬಡಿದಳು, ಬಾಯಿಗೆ ಬಂದಂತೆ ಬೈದಳು, ಕೋಲು ಬೀಸಿದಳು. ಡುಮ್ಮ ಮೊದಮೊದಲು ಆಟವೆಂದುಕೊಂಡು ಆ ಕೋಲನ್ನೇ ನೆಕ್ಕಲು ಬಂತು. ಆಮೇಲಾಮೇಲೆ ದೂರ ನಿಂತು ನೋಡತೊಡಗಿತು. ಕೊನೆಗೊಂದು ದಿನ ಅವಳನ್ನು ಕಂಡದ್ದೇ ತಡ, ಕಿತ್ತುಕೊಂಡು ಓಡಿತು. ಅವಳು ಒಳಗೆ ಹೋಗಿ ಅತ್ತಳು. ಊಟಕ್ಕೆ ಬಂದ ಅಣ್ಣ ತನ್ನ ಉಪಾಯ ಫಲಿಸಿತೆಂದು ಬೀಗಿದ. ಸಾರಿನ ಪಾತ್ರೆಯನ್ನು ಅವನ ತಲೆಯ ಮೇಲೆ ಬೋರಲು ಹಾಕಬೇಕೆನಿಸಿತು ಅವಳಿಗೆ.

ಅಧಿಕಾರಿ ಪರೀಕ್ಷೆಗೆ ಬಂದು ಬೇಲಿಯಾಚೆ ನಿಂತಳು. ತಂಗಿ ಕೋಲು ಹಿಡಿದು ಬೇಲಿ ದಾಟಿದ್ದೇ ಡುಮ್ಮ ದೂರ ಓಡಿ ನಿಂತಿತು. ಅವಳಿಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಅಣ್ಣ ಮೀಸೆ ತಿರುವುತ್ತ ಜೀಪಿನಿಂದಿಳಿದು ಬೇಲಿಯೊಳಗೆ ಬಂದ. ಡುಮ್ಮ ಅವಳಿಂದ ದೂರಕ್ಕೆ ಸುತ್ತು ಹಾಕಿ, ನೇರ ಅವನ ಬಳಿ ಬಂತು. ಅವನ ಅಂಗಿ ಜೇಬಿಗೆ ಮೂಗು ತುರುಕಿತು.

ಅದು ಕಲಿತದ್ದು ಮನುಷ್ಯರ ಹೆದರಿಕೆಯನ್ನಲ್ಲ, ಅವಳೊಬ್ಬಳ ಹೆದರಿಕೆಯನ್ನು. ಹೆಂಟೆ ಎಸೆದವಳು ಅವಳೊಬ್ಬಳೇ ತಾನೇ.

ಅಧಿಕಾರಿ ತನ್ನ ಜೀಪಿನಲ್ಲಿದ್ದ ಬಂದೂಕಿನ ಕಡೆ ನೋಡಿದಳು. ತಂಗಿಗೆ ಮೈಯೆಲ್ಲ ಉರಿಯಿತು. ನೆಟ್ಟಗೆ ಹೋಗಿ ಕೋಲನ್ನು ಅಣ್ಣನ ಕೈಗೆ ತುರುಕಿದಳು.

"ಹೊಡಿ."

"ಪಾಪ, ನೆಕ್ತಾ ಇದೆ ಕಣೇ..."

"ನನ್ನನ್ನೂ ನೆಕ್ತಾ ಇತ್ತು. ಹೊಡಿ ಅಣ್ಣ, ಇಲ್ಲಾಂದ್ರೆ ಅವರು ಹೊಡೀತಾರೆ."

ಅವನು ಕೋಲೆತ್ತಿದ. ಕಣ್ಣು ಮುಚ್ಚಿ ಮೂತಿಗೇ ಬಾರಿಸಿದ. ಡುಮ್ಮ ಬೆಚ್ಚಿ ಹಿಂದೆ ಸರಿಯಿತು. ಮತ್ತೆ ಬಾರಿಸಿದ. ಅದು ಅಳುಕುತ್ತ ಅವಳ ಕಡೆ ತಿರುಗಿ ನೋಡಿತು. ಚಿಕ್ಕಂದಿನಲ್ಲಿ ಗುಡುಗಿದರೆ ಹೀಗೇ ನೋಡಿ ಅವಳ ಸೆರಗಿನೊಳಗೆ ನುಗ್ಗುತ್ತಿತ್ತು. ಅವಳು ಬಗ್ಗಿ ಕೈತುಂಬ ಮಣ್ಣುಹೆಂಟೆ ಎತ್ತಿಕೊಂಡಳು.

ಡುಮ್ಮ ಇಬ್ಬರನ್ನೂ ಬಿಟ್ಟು ಹಿಂಡಿನೊಳಗೆ ಓಡಿತು. ನಾಳೆಯಿಂದ ಇಲ್ಲಿನ ಕೆಲಸದವರೆಲ್ಲರೂ ಸರದಿಯ ಮೇಲೆ ಓಡಿಸಲಿ, ಆಮೇಲೆ ಮತ್ತೆ ಬಂದು ನೋಡುತ್ತೇನೆ ಎಂದಳು ಅಧಿಕಾರಿ. ಅಣ್ಣ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ತಂಗಿ ಕೋಲನ್ನು ಅವನ ಕೈಯಲ್ಲೇ ಬಿಟ್ಟು ಮನೆಗೆ ನಡೆದಳು.